ಫೋನಿನ ಐಎಂಇಐ ಸಂಖ್ಯೆಯ ಕೊನೆಯ ಅಂಕಿ ಏನು ಹೇಳುತ್ತದೆ? ಅದರ ಹಿಂದಿರುವ ಹಾನ್ಸ್ ಪೀಟರ್ ಲೂನ್ ಯಾರು?

ಈ ಫಾರ್ವರ್ಡ್ ನಿಮಗೂ ಒಂದಲ್ಲ ಒಂದು ಸಲ ಬಂದಿರುತ್ತದೆ. ಫೋನಿನಲ್ಲಿ *#06# ಒತ್ತಿ, 15 ಅಂಕಿಯ ಸಂಖ್ಯೆ ಬರುತ್ತದೆ, ಅದರ 7 ಮತ್ತು 8ನೇ ಅಂಕಿ ನೋಡಿ. 02 ಅಥವಾ 20 ಇದ್ದರೆ ಕಳಪೆ ಮಾಲು, 01 ಅಥವಾ 10 ಇದ್ದರೆ ಫಿನ್ಲೆಂಡಿನದು, ಒಳ್ಳೆಯದು. 13 ಇದ್ದರೆ ಅಜರ್‌ಬೈಜಾನ್‌ನಲ್ಲಿ ಜೋಡಿಸಿದ್ದು, ಆರೋಗ್ಯಕ್ಕೂ ಅಪಾಯ! ಬಟನ್ ಫೋನುಗಳ ಕಾಲದಲ್ಲಿ ಎಸ್‌ಎಂಎಸ್ ಆಗಿ ಹರಿದಾಡುತ್ತಿದ್ದ ಈ ಸಂದೇಶ ಈಗಲೂ ವಾಟ್ಸ್ಆ್ಯಪ್‌ನಲ್ಲಿ ಆಗಾಗ ತಲೆ ಎತ್ತುತ್ತದೆ.

ಇದು ಸುಳ್ಳು. ಸುಳ್ಳಿನ ಒಳಗೆ ಒಂದು ಹಳೆಯ ನಿಜದ ತುಣುಕು ಮಾತ್ರ ಇದೆ. ಹಿಂದೆ ಆ ಎರಡು ಅಂಕಿಗಳು ಫೋನನ್ನು ಕೊನೆಗೆ ಜೋಡಿಸಿದ ಜಾಗದ ಸಂಕೇತವಾಗಿದ್ದವು. 2004ರ ಹೊತ್ತಿಗೆ ಆ ಪದ್ಧತಿಯನ್ನೇ ಕೈಬಿಡಲಾಯಿತು. ಈಗ ಮೊದಲ 8 ಅಂಕಿಗಳು ಒಟ್ಟಾಗಿ ಫೋನಿನ ಕಂಪನಿ ಮತ್ತು ಮಾಡೆಲ್ ಯಾವುದೆಂದು ಹೇಳುತ್ತವೆ. ಮುಂದಿನ 6 ಅಂಕಿಗಳು ಆ ಮಾಡೆಲ್‌ನಲ್ಲಿ ನಿಮ್ಮ ಫೋನಿನ ಕ್ರಮಸಂಖ್ಯೆ. ಗುಣಮಟ್ಟಕ್ಕೂ ಆರೋಗ್ಯಕ್ಕೂ ಆ ಸಂಖ್ಯೆಯಲ್ಲಿ ಜಾಗವೇ ಇಲ್ಲ.

ಹಾಗಾದರೆ ಉಳಿದ ಆ 15ನೇ ಅಂಕಿ? ನಿಜವಾಗಿ ಸ್ವಾರಸ್ಯ ಇರುವುದು ಅಲ್ಲೇ. ಅದು ಹಿಂದಿನ 14 ಅಂಕಿಗಳಿಗೆ ಕಾವಲುಗಾರ. ನಿಮ್ಮ ಡೆಬಿಟ್ ಕಾರ್ಡ್ ಮೇಲಿನ ಸಂಖ್ಯೆಯ ಕೊನೆಯ ಅಂಕಿಯೂ ಅದೇ ಕೆಲಸ ಮಾಡುತ್ತದೆ. ಈ ಕಾವಲುಗಾರನನ್ನು ನೇಮಿಸಿದವರು ಹಾನ್ಸ್ ಪೀಟರ್ ಲೂನ್. ಇಂದು ದೊಡ್ಡ ಕಂಪನಿಗಳೆಲ್ಲ ಬಳಸುವ ಬಿಸಿನೆಸ್ ಇಂಟೆಲಿಜೆನ್ಸ್, ಅಂದರೆ ಗುಡ್ಡೆ ಬಿದ್ದಿರುವ ಮಾಹಿತಿಯಿಂದ ವ್ಯಾಪಾರಕ್ಕೆ ಬೇಕಾದ ತಿಳಿವಳಿಕೆ ತೆಗೆಯುವ ವಿದ್ಯೆಗೆ, ಕಂಪ್ಯೂಟರ್ ಕಾಲದಲ್ಲಿ ಮೊದಲು ನಕ್ಷೆ ಬರೆದವರೂ ಇವರೇ. ವಿಚಿತ್ರವೆಂದರೆ ಅವರ ದುಡಿಮೆ ಶುರುವಾದದ್ದು ಕಂಪ್ಯೂಟರ್‌ನಿಂದಲ್ಲ, ಬಟ್ಟೆಯಿಂದ.

ನೂಲು ಎಣಿಸಿದ ಎಂಜಿನಿಯರ್

ಲೂನ್ ಹುಟ್ಟಿದ್ದು 1896ರ ಜುಲೈ 1ರಂದು, ಜರ್ಮನಿಯ ಬಾರ್ಮೆನ್‌ನಲ್ಲಿ. ಆ ಊರು ಈಗ ವುಪ್ಪರ್ಟಾಲ್ ನಗರದ ಭಾಗ. ಮನೆಯ ಕಸುಬು ಮುದ್ರಣ. ಹೈಸ್ಕೂಲು ಮುಗಿಸಿದ ಹುಡುಗ ಅದೇ ಕೆಲಸ ಕಲಿಯಲು ಸ್ವಿಟ್ಜರ್ಲೆಂಡಿಗೆ ಹೋದ. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು, ಜರ್ಮನ್ ಸೇನೆಯಲ್ಲಿ ಸಂಪರ್ಕ ವಿಭಾಗದ ಅಧಿಕಾರಿಯಾಗಿ ದುಡಿಯಬೇಕಾಯಿತು. ಯುದ್ಧ ಮುಗಿದ ಮೇಲೆ ಮುದ್ರಣ ಅಲ್ಲಿಗೇ ಬಿಟ್ಟುಹೋಯಿತು. ಜವಳಿ ಉದ್ಯಮ ಸೇರಿದರು, ಆ ಕೆಲಸವೇ ಅವರನ್ನು ಅಮೆರಿಕಕ್ಕೆ ಕರೆದುಕೊಂಡು ಹೋಯಿತು.

ಬಟ್ಟೆ ಕೊಳ್ಳುವಾಗ ಒಂದು ಇಂಚಿಗೆ ಎಷ್ಟು ಎಳೆ ಎಂದು ಕೇಳುವವರನ್ನು ನೀವು ನೋಡಿರಬಹುದು. ಎಳೆ ಹೆಚ್ಚಿದ್ದಷ್ಟೂ ನೇಯ್ಗೆ ಒತ್ತು. ಆದರೆ ಎಣಿಸುವುದು ಹೇಗೆ? ಭೂತಗನ್ನಡಿ ಹಿಡಿದು ಒಂದೊಂದೇ ಎಳೆ ಎಣಿಸಬೇಕಿತ್ತು. ಕಣ್ಣಿಗೂ ಸಮಯಕ್ಕೂ ದಂಡ. ಲೂನ್ ಒಂದು ಪಾರದರ್ಶಕ ಪಟ್ಟಿಯ ಮೇಲೆ ಬಹಳ ಸಣ್ಣ ಗೆರೆಗಳನ್ನು ಒಂದು ಲೆಕ್ಕದ ಪ್ರಕಾರ ಹಾಕಿದರು. ಅದನ್ನು ಬಟ್ಟೆಯ ಮೇಲಿಟ್ಟರೆ ಪಟ್ಟಿಯ ಗೆರೆಗಳೂ ಬಟ್ಟೆಯ ಎಳೆಗಳೂ ಒಂದರ ಮೇಲೊಂದು ಬಿದ್ದು ಅಲೆಯಂಥ ವಿನ್ಯಾಸ ಮೂಡುತ್ತದೆ. ಎರಡು ಸೊಳ್ಳೆಪರದೆಗಳನ್ನು ಒಂದರ ಮೇಲೊಂದು ಹಿಡಿದಾಗ ಕಾಣುತ್ತದಲ್ಲ, ಹಾಗೆ. ಆ ಅಲೆ ಪಟ್ಟಿಯ ಅಂಚಿನ ಯಾವ ಅಂಕಿಯನ್ನು ತೋರಿಸುತ್ತದೋ ಅಷ್ಟೇ ಎಳೆ. ಎಣಿಸುವ ಕೆಲಸ ಓದುವ ಕೆಲಸವಾಯಿತು. ಲೂನೋಮೀಟರ್ ಎಂಬ ಆ ಪಟ್ಟಿ ಈಗಲೂ ಮಾರಾಟಕ್ಕಿದೆ.

1920ರ ದಶಕದ ಕೊನೆಯಿಂದ 1940ರ ದಶಕದ ಆರಂಭದವರೆಗೆ ಅವರು ಜವಳಿಯಲ್ಲಿ ಮತ್ತು ಸ್ವತಂತ್ರ ಸಲಹೆಗಾರರಾಗಿ ಕೆಲಸ ಮಾಡಿದರು. ಒಂದಕ್ಕೊಂದು ಸಂಬಂಧವಿಲ್ಲದ ವಸ್ತುಗಳ ಮೇಲೆ ಪೇಟೆಂಟ್ ಪಡೆದರು. ಜೀವಮಾನದಲ್ಲಿ ಅವರ ಹೆಸರಿಗೆ ಬಂದ ಪೇಟೆಂಟ್‌ಗಳು 80ಕ್ಕೂ ಹೆಚ್ಚು. 1941ರಲ್ಲಿ, 45ನೇ ವಯಸ್ಸಿನಲ್ಲಿ, ಐಬಿಎಂ ಕಂಪನಿಗೆ ಹಿರಿಯ ಸಂಶೋಧನಾ ಎಂಜಿನಿಯರ್ ಆಗಿ ಸೇರಿದರು. ಅವರು ಇಂದು ಯಾವುದಕ್ಕೆಲ್ಲ ಹೆಸರಾಗಿದ್ದಾರೋ ಅದರಲ್ಲಿ ಬಹುಪಾಲು 50 ದಾಟಿದ ಮೇಲೆ ಮಾಡಿದ್ದು. 25 ವರ್ಷದೊಳಗೆ ಏನಾದರೂ ಸಾಧಿಸದಿದ್ದರೆ ಮುಗಿಯಿತು ಎನ್ನುವ ಫಾರ್ವರ್ಡ್‌ಗಳಿಗೆ ಈ ಮನುಷ್ಯನ ಜಾತಕ ಹೊಂದುವುದಿಲ್ಲ.

ಒಂದು ಅಂಕಿಯ ಕಾವಲು

ಸಂಖ್ಯೆಗಳನ್ನು ಮನುಷ್ಯರು ಬರೆಯುವಾಗ, ಹೇಳುವಾಗ, ಟೈಪ್ ಮಾಡುವಾಗ ತಪ್ಪುತ್ತಾರೆ. ಸಾಮಾನ್ಯವಾಗಿ ಎರಡು ಬಗೆಯ ತಪ್ಪು: ಒಂದು ಅಂಕಿ ಬದಲಾಗುವುದು, ಇಲ್ಲವೇ ಅಕ್ಕಪಕ್ಕದ ಎರಡು ಅಂಕಿ ಹಿಂದುಮುಂದಾಗುವುದು. ತಪ್ಪಾದ ಸಂಖ್ಯೆಯೂ ನೋಡಲು ಸರಿಯಾದ ಸಂಖ್ಯೆಯಂತೆಯೇ ಇರುತ್ತದೆ ಎನ್ನುವುದೇ ಕಷ್ಟ. ಹೆಸರಿನಲ್ಲಿ ಕಾಗುಣಿತ ತಪ್ಪಿದರೆ ಕಣ್ಣಿಗೆ ಕಾಣುತ್ತದೆ, ಸಂಖ್ಯೆಯಲ್ಲಿ ಕಾಣುವುದಿಲ್ಲ.

1954ರ ಜನವರಿಯಲ್ಲಿ ಲೂನ್ ಇದಕ್ಕೊಂದು ಉಪಾಯಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಅದು ಕೈಯಲ್ಲಿ ಹಿಡಿಯುವ, ಚಕ್ರಗಳಿರುವ ಪುಟ್ಟ ಯಂತ್ರ. ವಿದ್ಯುತ್ ಬೇಕಿಲ್ಲ. ಆ ಯಂತ್ರ ಮೂಲೆಗೆ ಬಿತ್ತು, ಅದರೊಳಗಿನ ಲೆಕ್ಕ ಮಾತ್ರ ಜಗತ್ತನ್ನೆಲ್ಲ ಸುತ್ತಿತು. ಲೆಕ್ಕ ಹೀಗಿದೆ, ಪೆನ್ನು ಹಿಡಿದು ನೀವೂ ಮಾಡಿ ನೋಡಿ.

ನಮ್ಮ ಸಂಖ್ಯೆ 3815 ಎಂದಿಟ್ಟುಕೊಳ್ಳಿ. ಬಲತುದಿಯಿಂದ ಶುರುಮಾಡಿ ಒಂದು ಬಿಟ್ಟು ಒಂದು ಅಂಕಿಯನ್ನು ಇಮ್ಮಡಿ ಮಾಡಬೇಕು. 5ರ ಇಮ್ಮಡಿ 10, ಎರಡಂಕಿ ಬಂದರೆ ಅವನ್ನು ಕೂಡಿಸಬೇಕು, ಹಾಗಾಗಿ 1. ಮುಂದಿನ 1 ಹಾಗೆಯೇ ಇರಲಿ. 8ರ ಇಮ್ಮಡಿ 16, ಕೂಡಿಸಿದರೆ 7. ಕೊನೆಗೆ 3 ಹಾಗೆಯೇ. ಎಲ್ಲ ಸೇರಿ 12. ಇದನ್ನು 20 ಮಾಡಲು ಎಷ್ಟು ಬೇಕು? 8. ಆ 8 ಅನ್ನು ಕೊನೆಗೆ ಅಂಟಿಸಿ, 38158. ಇನ್ನು ಯಾರಾದರೂ 8ರ ಬದಲು 7 ಒತ್ತಿ 37158 ಎಂದು ಟೈಪ್ ಮಾಡಿದರೆ ಮೊತ್ತ 18 ಬರುತ್ತದೆ. ಅಂಕಿ ಅದಲುಬದಲಾಗಿ 83158 ಆದರೆ 24. ಸರಿಯಾದ ಸಂಖ್ಯೆಯಲ್ಲಿ ಮೊತ್ತ ಯಾವಾಗಲೂ 10ರ ಮಗ್ಗಿಯಲ್ಲಿ ಇರಬೇಕು, ಇಲ್ಲದಿದ್ದರೆ ಎಲ್ಲೋ ತಪ್ಪಿದೆ ಎಂದರ್ಥ.

ಆನ್‌ಲೈನ್‌ನಲ್ಲಿ ಕಾರ್ಡ್ ಸಂಖ್ಯೆ ಹಾಕುವಾಗ ಒಂದು ಅಂಕಿ ತಪ್ಪಿದರೆ, ಓಟಿಪಿಗೂ ಮೊದಲೇ, ಸಂಖ್ಯೆ ಸರಿಯಿಲ್ಲ ಎಂದು ಕೆಂಪು ಅಕ್ಷರದಲ್ಲಿ ಬರುತ್ತದಲ್ಲ? ಬ್ಯಾಂಕನ್ನು ಕೇಳಿ ಬಂದ ಉತ್ತರವಲ್ಲ ಅದು. ಆ ಪುಟವೇ ಲೂನ್ ಲೆಕ್ಕ ಹಾಕಿ ನೋಡಿರುತ್ತದೆ. ಹಾಗಾಗಿ ಕಾರ್ಡ್ ಸಂಖ್ಯೆಯ ಒಂದಂಕಿ ತಪ್ಪಿ ಒತ್ತಿದರೆ ಇನ್ಯಾರದೋ ಖಾತೆಯಿಂದ ಹಣ ಹೋಗುತ್ತದೆ ಎಂಬ ಭಯ ಬೇಡ. ಒಂದೇ ಅಂಕಿ ತಪ್ಪಿದರೆ ಈ ಲೆಕ್ಕ ಖಂಡಿತ ಹಿಡಿಯುತ್ತದೆ.

ಆದರೆ ಇದರ ಮಿತಿಯನ್ನೂ ಹೇಳಬೇಕು. 09 ಇದ್ದದ್ದು 90 ಆದರೆ ಈ ಕಾವಲುಗಾರನಿಗೆ ಗೊತ್ತಾಗುವುದಿಲ್ಲ. 22 ಇದ್ದಲ್ಲಿ 55 ಬಂದರೂ ಹಿಡಿಯುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತು: ಕಣ್ಣು ಮುಚ್ಚಿ 16 ಅಂಕಿ ಬರೆದರೂ ಹತ್ತರಲ್ಲಿ ಒಂದು ಸಂಖ್ಯೆ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಇದು ಕೈತಪ್ಪನ್ನು ಹಿಡಿಯುವ ಉಪಾಯ, ಕಳ್ಳನನ್ನು ಹಿಡಿಯುವುದಲ್ಲ. ನಿಮ್ಮ ಕಾರ್ಡ್ ಅಸಲಿಯೋ ನಕಲಿಯೋ ಪರೀಕ್ಷಿಸಿ ಎಂದು ಲಿಂಕ್ ಕಳಿಸುವವರು ಈ ಲೆಕ್ಕವನ್ನೇ ತೋರಿಸಿ ನಂಬಿಸುತ್ತಾರೆ. ಅಲ್ಲಿ ಸಂಖ್ಯೆ ಹಾಕಿದರೆ ಕಾರ್ಡಿನ ಪರೀಕ್ಷೆಯಾಗುವುದಿಲ್ಲ, ಕಾರ್ಡಿನ ಸಂಖ್ಯೆ ಅವರ ಕೈಗೆ ಹೋಗುತ್ತದೆ ಅಷ್ಟೇ. ಐಎಂಇಐ ವಿಷಯವೂ ಹಾಗೆಯೇ. ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವಾಗ ಅನುಮಾನ ಬಂದರೆ ಕೆವೈಎಂ ಎಂದು ಇಂಗ್ಲಿಷಿನಲ್ಲಿ ಬರೆದು, ಒಂದು ಜಾಗ ಬಿಟ್ಟು 15 ಅಂಕಿ ಸೇರಿಸಿ 14422ಕ್ಕೆ ಎಸ್‌ಎಂಎಸ್ ಮಾಡಿ. ಅದು ದೂರಸಂಪರ್ಕ ಇಲಾಖೆಯ ವ್ಯವಸ್ಥೆ.

ಅಂದಹಾಗೆ ಆಧಾರ್ ಸಂಖ್ಯೆಯ 12ನೇ ಅಂಕಿಯೂ ಕಾವಲಿನ ಅಂಕಿಯೇ. ಆದರೆ ಅಲ್ಲಿರುವುದು ಲೂನ್ ಲೆಕ್ಕವಲ್ಲ, ಡಚ್ ಗಣಿತಜ್ಞ ವೆರ್ಹೂಫ್ 1969ರಲ್ಲಿ ಪ್ರಕಟಿಸಿದ ಇನ್ನೂ ಬಿಗಿಯಾದ ಲೆಕ್ಕ. ಲೂನ್ ಬಿಟ್ಟ 09-90 ತಪ್ಪನ್ನೂ ಅದು ಹಿಡಿಯುತ್ತದೆ.

ರಸಾಯನಶಾಸ್ತ್ರಜ್ಞರ ತಲೆನೋವು

ಎರಡನೇ ಮಹಾಯುದ್ಧದ ನಂತರ ವಿಜ್ಞಾನಿಗಳಿಗೆ ಹೊಸ ಸಮಸ್ಯೆ ಎದುರಾಯಿತು. ಮಾಹಿತಿ ಇರಲಿಲ್ಲ ಎಂದಲ್ಲ, ವಿಪರೀತ ಇತ್ತು. ಸಾವಿರಾರು ರಾಸಾಯನಿಕಗಳು, ಅವುಗಳ ಮೇಲೆ ರಾಶಿ ರಾಶಿ ಪ್ರಬಂಧಗಳು. ಬೇಕಾದದ್ದು ಎಲ್ಲಿದೆ ಎಂದು ಹುಡುಕುವುದರಲ್ಲೇ ದಿನ ಕಳೆಯುತ್ತಿತ್ತು. 1947ರ ಸುಮಾರಿಗೆ ರಸಾಯನಶಾಸ್ತ್ರಜ್ಞರು ಐಬಿಎಂ ಬಾಗಿಲು ತಟ್ಟಿದರು, ಆ ಕೆಲಸ ಲೂನ್ ಮೇಜಿಗೆ ಬಂತು. ಮುಂದೆ ಮಾಹಿತಿ ಹುಡುಕಾಟದ ಸಂಶೋಧನಾ ವಿಭಾಗದ ಮುಖ್ಯಸ್ಥರೂ ಅವರೇ ಆದರು.

1953ರಲ್ಲಿ ಕಚೇರಿಯೊಳಗಿನ ಒಂದು ಟಿಪ್ಪಣಿಯಲ್ಲಿ ಲೂನ್ ಬರೆದಿಟ್ಟ ಉಪಾಯ ಇದು. ಒಂದು ಲಕ್ಷ ದಾಖಲೆಗಳಲ್ಲಿ ಒಂದನ್ನು ಹುಡುಕಲು ಮೊದಲಿನಿಂದ ಒಂದೊಂದೇ ನೋಡುತ್ತಾ ಹೋಗುವುದು ದಡ್ಡತನ. ಬದಲಿಗೆ ಪ್ರತಿ ದಾಖಲೆಯ ಸಂಖ್ಯೆಯ ಮೇಲೆ ಒಂದು ಸಣ್ಣ ಲೆಕ್ಕ ಮಾಡಿ. ಉದಾಹರಣೆಗೆ 10 ಅಂಕಿಯ ಸಂಖ್ಯೆಯನ್ನು ಎರಡೆರಡು ಅಂಕಿಯ ಜೋಡಿ ಮಾಡಿ, ಪ್ರತಿ ಜೋಡಿಯನ್ನು ಕೂಡಿಸಿ, ಬಿಡಿ ಸ್ಥಾನ ಮಾತ್ರ ಇಟ್ಟುಕೊಂಡರೆ 5 ಅಂಕಿಯ ಸಂಖ್ಯೆ ಸಿಗುತ್ತದೆ. ಅದು ಆ ದಾಖಲೆ ಇಡುವ ಡಬ್ಬದ ಸಂಖ್ಯೆ. ಹುಡುಕುವಾಗ ಅದೇ ಲೆಕ್ಕ ಮಾಡಿದರೆ ನೇರ ಆ ಡಬ್ಬಕ್ಕೇ ಕೈ ಹಾಕಬಹುದು. ಒಂದೇ ಡಬ್ಬದಲ್ಲಿ ಎರಡು ಮೂರು ದಾಖಲೆ ಬಿದ್ದಿರಬಹುದು, ಅವನ್ನಷ್ಟೇ ನೋಡಿದರಾಯಿತು. ಇದಕ್ಕೆ ಈಗ ಹ್ಯಾಶಿಂಗ್ ಎಂದು ಹೆಸರು. ಅಡುಗೆಮನೆಯಲ್ಲಿ ಜೀರಿಗೆ ಡಬ್ಬ ಹುಡುಕಲು ಅಮ್ಮ ಎಲ್ಲ ಡಬ್ಬ ತೆಗೆದು ನೋಡುವುದಿಲ್ಲ, ಮಸಾಲೆ ಡಬ್ಬಿಯ ಯಾವ ಬಟ್ಟಲು ಎಂದು ಕೈಗೇ ಗೊತ್ತಿರುತ್ತದೆ. ಕಂಪ್ಯೂಟರಿಗೆ ಆ ಕೈ ಅಭ್ಯಾಸ ಕೊಟ್ಟದ್ದು ಹ್ಯಾಶಿಂಗ್.

ಯಂತ್ರ ಓದಿ ಹೇಳಿದ ಸಾರಾಂಶ

1957ರ ಅಕ್ಟೋಬರ್‌ನಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮೇಲೆ ಅಮೆರಿಕಕ್ಕೆ ದಿಗಿಲು ಹತ್ತಿತು. ಅಲ್ಲಿನ ವಿಜ್ಞಾನಿಗಳು ಏನು ಬರೆಯುತ್ತಿದ್ದಾರೆ ಎಂದು ಓದಿ ಮುಗಿಸುವವರೇ ಇರಲಿಲ್ಲ. ಮರುವರ್ಷ, 1958, ಲೂನ್ ಬದುಕಿನ ಸುಗ್ಗಿಯ ವರ್ಷ. ಏಪ್ರಿಲ್‌ನಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಯಂತ್ರದಿಂದ ಸಾರಾಂಶ ಬರೆಸುವ ಬಗೆ ವಿವರಿಸಿದರು. ಲೇಖನದಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂದು ಯಂತ್ರ ಎಣಿಸುತ್ತದೆ. ಮತ್ತು, ಆದರೆ, ಎಂದು ಇತ್ಯಾದಿ ಎಲ್ಲೆಡೆ ಬರುವ ಪದಗಳನ್ನು ಬಿಡುತ್ತದೆ, ಅಪರೂಪಕ್ಕೆ ಬಂದವನ್ನೂ ಬಿಡುತ್ತದೆ. ಉಳಿದ ಮುಖ್ಯ ಪದಗಳು ಯಾವ ವಾಕ್ಯದಲ್ಲಿ ಒತ್ತೊತ್ತಾಗಿ ಬಂದಿವೆಯೋ ಆ ವಾಕ್ಯಗಳನ್ನು ಆರಿಸಿಕೊಡುತ್ತದೆ. ಬಟ್ಟೆಯ ಎಳೆ ಎಣಿಸಿದ ಮನುಷ್ಯ ಈಗ ಪದ ಎಣಿಸುತ್ತಿದ್ದರು. ಯಂತ್ರಕ್ಕೆ ಅರ್ಥವಾಗುತ್ತಿತ್ತೇ? ಇಲ್ಲ. ಅರ್ಥವಾಗದೆಯೂ ಎಣಿಕೆಯಿಂದ ಎಷ್ಟು ದೂರ ಹೋಗಬಹುದು ಎಂದು ತೋರಿಸಿದ್ದೇ ಅವರ ಸಾಧನೆ ಎಂದು ನನ್ನ ಅನಿಸಿಕೆ.

ಅದೇ ವರ್ಷ ವಾಷಿಂಗ್ಟನ್‌ನಲ್ಲಿ ನಡೆದ ವೈಜ್ಞಾನಿಕ ಮಾಹಿತಿಯ ಅಂತರರಾಷ್ಟ್ರೀಯ ಸಮ್ಮೇಳನದ ಹೊತ್ತಿಗೆ ಅವರ ಇನ್ನೊಂದು ಉಪಾಯವೂ ಹೊರಬಂತು, ಕ್ವಿಕ್ ಸೂಚಿ. ಮಲೆನಾಡಿನ ಅಡಿಕೆ ತೋಟದಲ್ಲಿ ಕೊಳೆರೋಗ ಎಂಬ ಶೀರ್ಷಿಕೆ ಇದೆ ಎನ್ನಿ. ಯಂತ್ರ ಅದನ್ನು ಮಲೆನಾಡು, ಅಡಿಕೆ, ತೋಟ, ಕೊಳೆರೋಗ ಹೀಗೆ ಪ್ರತಿ ಮುಖ್ಯ ಪದದ ಅಡಿಯಲ್ಲೂ ಅಕಾರಾದಿಯಾಗಿ, ಅಕ್ಕಪಕ್ಕದ ಪದಗಳ ಸಮೇತ ಮತ್ತೆ ಮತ್ತೆ ಅಚ್ಚು ಹಾಕುತ್ತದೆ. ಯಾವ ಪದದಿಂದ ಹುಡುಕಿದರೂ ಸಿಗುತ್ತದೆ. 1960ರ ದಶಕದ ಆರಂಭದಲ್ಲೇ ಅಮೆರಿಕದ ರಸಾಯನಶಾಸ್ತ್ರದ ಸೂಚಿ ಪತ್ರಿಕೆ ಇದನ್ನು ಬಳಸತೊಡಗಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1962ರಲ್ಲಿ, ಎಸ್. ಆರ್. ರಂಗನಾಥನ್ ಬೆಂಗಳೂರಿನಲ್ಲಿ ದಾಖಲೆ ನಿರ್ವಹಣೆಯ ಸಂಶೋಧನಾ ಕೇಂದ್ರ ಆರಂಭಿಸಿದರು. ರಂಗನಾಥನ್ ಅವರದು ವಿಷಯದ ಅರ್ಥ ಹಿಡಿದು ವಿಂಗಡಿಸುವ ದಾರಿ, ಲೂನ್ ಅವರದು ಪದ ಎಣಿಸುವ ದಾರಿ. ಇಂದಿಗೂ ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳು ಎರಡನ್ನೂ ಓದುತ್ತಾರೆ.

ಬಿಸಿನೆಸ್ ಇಂಟೆಲಿಜೆನ್ಸ್ ಹುಟ್ಟಿದ್ದು ಹೇಗೆ?

1958ರ ಅಕ್ಟೋಬರ್‌ನಲ್ಲಿ ಐಬಿಎಂ ಪತ್ರಿಕೆಯಲ್ಲಿ ಲೂನ್ ಬರೆದ ಇನ್ನೊಂದು ಪ್ರಬಂಧದ ಹೆಸರಿನಲ್ಲೇ ಬಿಸಿನೆಸ್ ಇಂಟೆಲಿಜೆನ್ಸ್ ವ್ಯವಸ್ಥೆ ಎಂಬ ಮಾತಿದೆ. ಈ ಪದವನ್ನು ಸೃಷ್ಟಿಸಿದವರೇ ಅವರು ಎಂದು ಅನೇಕ ಕಡೆ ಬರೆದಿರುತ್ತಾರೆ. ಅದು ಸರಿಯಲ್ಲ. 1865ರಲ್ಲೇ ರಿಚರ್ಡ್ ಮಿಲ್ಲರ್ ಡೆವೆನ್ಸ್ ಎಂಬ ಲೇಖಕ, ಯುದ್ಧದ ಸುದ್ದಿಯನ್ನು ಎಲ್ಲರಿಗಿಂತ ಮೊದಲು ತಿಳಿದುಕೊಂಡು ಲಾಭ ಮಾಡಿದ ಸರ್ ಹೆನ್ರಿ ಫರ್ನೀಸ್ ಎಂಬ ಬ್ಯಾಂಕರ್ ಬಗ್ಗೆ ಬರೆಯುವಾಗ ಅದನ್ನು ಬಳಸಿದ್ದ. ಲೂನ್ ಮಾಡಿದ್ದು ಆ ಮಾತಿಗೆ ಯಂತ್ರದ ಮೈ ಕೊಟ್ಟಿದ್ದು.

ಅವರ ಯೋಜನೆ ಹೀಗಿತ್ತು. ಸಂಸ್ಥೆಗೆ ಬರುವ ಪ್ರತಿ ದಾಖಲೆಯನ್ನು ಯಂತ್ರ ಓದಿ ಸಾರಾಂಶ ಮಾಡಿ ಒಂದೆಡೆ ಕೂಡಿಡಬೇಕು. ಪ್ರತಿ ನೌಕರನಿಗೆ ಅಥವಾ ವಿಭಾಗಕ್ಕೆ ಏನು ಬೇಕು ಎನ್ನುವುದನ್ನೂ ಪದಗಳ ಪಟ್ಟಿಯಾಗಿ ಇಟ್ಟುಕೊಳ್ಳಬೇಕು. ಹೊಸ ದಾಖಲೆ ಬಂದಾಗ ಎರಡನ್ನೂ ಹೋಲಿಸಿ, ಯಾರಿಗೆ ಹೊಂದುತ್ತದೋ ಅವರಿಗೆ, ಕೇಳದೆಯೇ, ಸುದ್ದಿ ಮುಟ್ಟಿಸಬೇಕು. ಅವರು ಅದನ್ನು ಸ್ವೀಕರಿಸಿದರೆ ಅವರ ಪಟ್ಟಿ ಅದಕ್ಕೆ ತಕ್ಕಂತೆ ತಿದ್ದುಪಡಿಯಾಗಬೇಕು.

ಎಲ್ಲೋ ನೋಡಿದಂತಿದೆಯೇ? ನೀವು ಒಂದು ರೀಲ್ ಪೂರ್ತಿ ನೋಡಿದ ಕೂಡಲೇ ಅಂಥದೇ ಹತ್ತು ಬರುತ್ತವಲ್ಲ, ಅದರ ಹಿಂದಿರುವ ಮೂಲ ಯೋಚನೆ ಇದೇ. ಆದರೆ ಲೂನ್ ಯೋಚಿಸಿದ್ದು ಕೆಲಸದ ಮಾಹಿತಿಯ ಬಗ್ಗೆ. ನೌಕರನಿಗೆ ತನ್ನ ಪಟ್ಟಿ ಯಾಕೆ ಇದೆ ಎಂದು ಗೊತ್ತಿರುತ್ತಿತ್ತು. ಈಗ ನಮ್ಮ ಮೇಲೆ ಇರುವ ಪಟ್ಟಿಯಲ್ಲಿ ಏನಿದೆ ಎಂದು ನಮಗೇ ಗೊತ್ತಿಲ್ಲ. ಭಯ ಹುಟ್ಟಿಸುವ ಆರೋಗ್ಯದ ವಿಡಿಯೋಗಳನ್ನು ನೋಡುವವರಿಗೆ ಅಂಥವೇ ಮತ್ತೆ ಮತ್ತೆ ಬರುವುದು ನಿಜವಾದ ಅಪಾಯ. ಅಜರ್‌ಬೈಜಾನ್ ಫೋನಿನದಲ್ಲ.

ಡೇಟಾ ವೇರ್‌ಹೌಸ್ ಎಂಬ ಉಗ್ರಾಣ

ಲೂನ್ ಕಲ್ಪನೆಗೆ ಬೇಕಾದಷ್ಟು ದೊಡ್ಡ ಉಗ್ರಾಣ ಅವರ ಕಾಲದ ಯಂತ್ರಗಳಿಗೆ ಸಾಧ್ಯವಿರಲಿಲ್ಲ. ಅದು ಬಂದದ್ದು ಮೂವತ್ತು ವರ್ಷದ ನಂತರ. 1988ರಲ್ಲಿ ಐಬಿಎಂನವರೇ ಆದ ಬ್ಯಾರಿ ಡೆವ್ಲಿನ್ ಮತ್ತು ಪಾಲ್ ಮರ್ಫಿ ಬಿಸಿನೆಸ್ ಡೇಟಾ ವೇರ್‌ಹೌಸ್ ಎಂಬ ಮಾತನ್ನಿಟ್ಟು ಪ್ರಬಂಧ ಬರೆದರು. 1992ರಲ್ಲಿ ಬಿಲ್ ಇನ್ಮನ್ ಬರೆದ ಪುಸ್ತಕ ಅದನ್ನು ಎಲ್ಲೆಡೆ ಹರಡಿತು.

ಸೂಪರ್ ಮಾರ್ಕೆಟ್‌ನ ಬಿಲ್ಲಿಂಗ್ ಯಂತ್ರಕ್ಕೆ ಈ ಕ್ಷಣದ ಬಿಲ್ ಬೇಗ ಆಗಬೇಕು, ಅಷ್ಟೇ. ಕಳೆದ ಐದು ವರ್ಷದ ಯುಗಾದಿಗಳಲ್ಲಿ ಬೆಲ್ಲ ಎಷ್ಟು ಹೋಯಿತು ಎಂದು ಅದನ್ನೇ ಕೇಳಿದರೆ ಕೌಂಟರಿನಲ್ಲಿ ಸಾಲು ಬೆಳೆಯುತ್ತದೆ. ಅದಕ್ಕೇ ಎಲ್ಲ ಶಾಖೆಗಳ ಲೆಕ್ಕವನ್ನು, ಹೆಚ್ಚಾಗಿ ರಾತ್ರಿ ಹೊತ್ತು, ಬೇರೊಂದು ಉಗ್ರಾಣಕ್ಕೆ ಸಾಗಿಸುತ್ತಾರೆ. ಹಳೆಯದನ್ನು ಅಳಿಸುವುದಿಲ್ಲ, ದಿನಾಂಕ ಸಮೇತ ಪೇರಿಸುತ್ತಾ ಹೋಗುತ್ತಾರೆ. ಪ್ರಶ್ನೆಗಳೆಲ್ಲ ಅಲ್ಲಿಗೆ ಹೋಗುತ್ತವೆ.

ಸಾಗಿಸುವುದು ಸುಲಭ, ಶುಚಿ ಮಾಡುವುದೇ ಕಷ್ಟ. ಒಂದು ಶಾಖೆಯವರು ಬೆಲ್ಲವನ್ನು ಕಿಲೋದಲ್ಲಿ ಬರೆದಿರುತ್ತಾರೆ, ಇನ್ನೊಬ್ಬರು ಅಚ್ಚಿನ ಲೆಕ್ಕದಲ್ಲಿ. ಒಬ್ಬನೇ ಗ್ರಾಹಕ ಮಂಜುನಾಥ ಎಂದೂ ಮಂಜು ಎಂದೂ ಎರಡು ಕಡೆ ಇರುತ್ತಾನೆ. ಇವನ್ನು ಸರಿಮಾಡದೆ ಒಳಗೆ ಬಿಟ್ಟರೆ ಬಣ್ಣಬಣ್ಣದ ಚಾರ್ಟ್ ಬರುತ್ತದೆ, ಉತ್ತರ ಮಾತ್ರ ತಪ್ಪು. ಕಲ್ಲಿರುವ ಅಕ್ಕಿಯನ್ನು ಕಣಜಕ್ಕೆ ಸುರಿದ ಮೇಲೆ ಆರಿಸಲಾಗುತ್ತದೆಯೇ? ಕಾವಲಿನ ಅಂಕಿಯನ್ನು ಪರೀಕ್ಷಿಸಿ ತಪ್ಪು ಸಂಖ್ಯೆಗಳನ್ನು ಬಾಗಿಲಲ್ಲೇ ತಡೆಯುವುದು ಇಂಥ ಶುಚಿಕಾರ್ಯದ ಒಂದು ಹೆಜ್ಜೆ. ಒಳಗೆ ಬಂದ ಕೋಟಿಗಟ್ಟಲೆ ಸಾಲುಗಳನ್ನು ಹತ್ತಾರು ಕಂಪ್ಯೂಟರ್‌ಗಳಿಗೆ ಸಮನಾಗಿ ಹಂಚಲು ಅನೇಕ ವೇರ್‌ಹೌಸ್‌ಗಳು ಬಳಸುವುದು ಅದೇ ಹ್ಯಾಶಿಂಗ್. ಉಗ್ರಾಣ ಲೂನ್ ಕಟ್ಟಿದ್ದಲ್ಲ, ಆದರೆ ಬಾಗಿಲ ಚಿಲಕ, ಒಳಗಿನ ಕಪಾಟು ಅವರ ಕಾಲದಲ್ಲೇ ತಯಾರಾಗಿದ್ದವು.

ಕಾರ್ಡಿನ ಲೆಕ್ಕಕ್ಕೆ ಪೇಟೆಂಟ್ ಸಿಕ್ಕಿದ್ದು 1960ರ ಆಗಸ್ಟ್ 23ರಂದು. ಮರುವರ್ಷ ಅವರು ಐಬಿಎಂನಿಂದ ನಿವೃತ್ತರಾದರು. 1964ರ ಆಗಸ್ಟ್ 19ರಂದು, 68ನೇ ವಯಸ್ಸಿನಲ್ಲಿ, ನ್ಯೂಯಾರ್ಕ್ ರಾಜ್ಯದ ಆರ್ಮಾಂಕ್‌ನಲ್ಲಿ ತೀರಿಕೊಂಡರು. ಪೇಟೆಂಟ್ ಅವಧಿ ಯಾವಾಗಲೋ ಮುಗಿದಿದೆ, ಈಗ ಆ ಲೆಕ್ಕವನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು.

ಹೀಗಿದ್ದರೂ ನಾವು ದಿನಕ್ಕೆ ಹತ್ತು ಸಲ ಬಳಸುವ ಒಂದು ಸಂಖ್ಯೆಗೆ ಈ ಕಾವಲು ಇಲ್ಲ, 10 ಅಂಕಿಯ ಮೊಬೈಲ್ ಸಂಖ್ಯೆಗೆ. ರೀಚಾರ್ಜ್ ಮಾಡುವಾಗ ಒಂದಂಕಿ ತಪ್ಪಿದರೆ ಯಾವ ಕೆಂಪು ಅಕ್ಷರವೂ ಬರುವುದಿಲ್ಲ, ದುಡ್ಡು ಯಾರದೋ ನಂಬರಿಗೆ ಹೋಗುತ್ತದೆ. ಬ್ಯಾಂಕ್ ಆ್ಯಪ್‌ಗಳು ಖಾತೆ ಸಂಖ್ಯೆಯನ್ನು ಎರಡು ಸಲ ಟೈಪ್ ಮಾಡಿಸುವುದೂ ತಪ್ಪು ಅಂಕಿಯ ಭಯದಿಂದಲೇ. ಎರಡನೇ ಸಲ ಹಾಕುವಾಗ ಮೊದಲು ಹಾಕಿದ್ದನ್ನು ಕಾಪಿ ಮಾಡಿ ಅಂಟಿಸಬೇಡಿ, ಪಾಸ್‌ಬುಕ್ ನೋಡಿಕೊಂಡೇ ಹಾಕಿ.